ಕರಡ ಒಣಗಿದರೂ ವಿಷ ಒಣಗದು

ಮೇಯಲು ಬಿಟ್ಟ ದನ ಲಂಟಾನ ತಿನ್ನುವುದನ್ನು ನೀವು ಎಷ್ಟು ಸಲ ನೋಡಿದ್ದೀರಿ? ಬೇಣದ ತುಂಬ ಅದೇ ಇದ್ದರೂ ದನ ಅದರ ಬುಡದ ಹುಲ್ಲನ್ನಷ್ಟೇ ನಾಲಗೆಯಲ್ಲಿ ಸುತ್ತಿ ಎಳೆದು ಮುಂದೆ ಹೋಗುತ್ತದೆ. ಹೊಟ್ಟೆಗೆ ಏನೂ ಸಿಗದ ಬೇಸಿಗೆಯಲ್ಲಿ ಮಾತ್ರ ಬಾಯಿ ಹಾಕುತ್ತದೆ. ಹಾಗಾಗಿ ‘ವಿಷದ ಗಿಡ ಯಾವುದು ಅಂತ ದನಕ್ಕೆ ಗೊತ್ತು, ನಾವು ತಲೆ ಕೆಡಿಸಿಕೊಳ್ಳೋದು ಬೇಡ’ ಎಂಬ ನಂಬಿಕೆ ನಮ್ಮಲ್ಲಿದೆ. ನಾನೂ ಹಾಗೇ ನಂಬಿದ್ದೆ.

ನಂಬಿಕೆ ಪೂರಾ ಸುಳ್ಳಲ್ಲ. ಆದರೆ ಅದು ಹಸಿ ಗಿಡಕ್ಕೆ, ಬಿಟ್ಟು ಮೇಯಿಸುವ ದನಕ್ಕೆ ಹೊಂದುವ ಮಾತು. ಅದೇ ಗಿಡ ಕರಡದ ಹೊರೆಯಲ್ಲಿ ಸೇರಿ, ಒಣಗಿ, ಗೋದಲಿಗೆ ಬಂದರೆ ಲೆಕ್ಕವೇ ಬೇರೆ. ಇದನ್ನು ಕಲಿಯಲು ನಾನು ಒಂದು ಆಕಳನ್ನು ಕಳೆದುಕೊಳ್ಳಬೇಕಾಯಿತು.

ಒಂದೇ ಕರಡ, ಎರಡು ಕೊಟ್ಟಿಗೆ

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿದ್ದು ಕಾರವಾರ, ಅಂಕೋಲೆಯವರಿಗೆ ಮರೆಯುವ ಹಾಗಿಲ್ಲ. ಮಲ್ಲಾಪುರದ ನಮ್ಮ ಗದ್ದೆಯಲ್ಲೂ ನೀರು ನಿಂತಿತು. ಭತ್ತ ಹೋಯಿತು, ಭತ್ತದ ಜೊತೆ ಹುಲ್ಲೂ ಹೋಯಿತು. ಕುತ್ರಿ ಹಾಕಲು ಏನೂ ಉಳಿಯದೆ, ಡಿಸೆಂಬರ್‌ನಲ್ಲಿ ನಾನೂ ಪಕ್ಕದ ಮನೆಯ ಅಜ್ಜಿಯೂ ಸೇರಿ ಒಂದು ಟೆಂಪೊ ಕರಡ ತರಿಸಿ ಹಂಚಿಕೊಂಡೆವು. ಬೇಣದ ಕರಡ. ನೋಡಲು ಚೆನ್ನಾಗಿತ್ತು, ಮಳೆ ತಾಗಿರಲಿಲ್ಲ.

ನಮ್ಮಲ್ಲಿ ಇದ್ದದ್ದು ಒಂದು ಕಪ್ಪು-ಬಿಳಿ ಎಚ್ಚೆಫ್ ಮಿಶ್ರತಳಿ ಆಕಳು. ಹುಟ್ಟಿದಾಗಿನಿಂದ ಕಟ್ಟಿಯೇ ಸಾಕಿದ್ದು. ಕರಡ ಗಡುಸು, ಹಾಗೇ ಹಾಕಿದರೆ ಅರ್ಧ ಚೆಲ್ಲುತ್ತದೆ ಅಂತ ಹುಲ್ಲು ಕತ್ತರಿಸುವ ಮಿಷನ್‌ಗೆ ಕೊಟ್ಟು, ಹಿಂಡಿ, ಅಕ್ಕಚ್ಚು ಕಲಸಿ ಇಡುತ್ತಿದ್ದೆವು. ಅಜ್ಜಿಯ ಮನೆಯಲ್ಲಿ ಎರಡು ಮಲೆನಾಡು ಗಿಡ್ಡ. ಅವಕ್ಕೆ ಇಡೀ ಕರಡವನ್ನೇ ಉದುರಿಸಿ ಹಾಕುತ್ತಿದ್ದರು.

ಫೆಬ್ರವರಿಯಲ್ಲಿ ನಮ್ಮ ಆಕಳು ಮೇವು ಬಿಟ್ಟಿತು. ಸಗಣಿ ಗಟ್ಟಿ, ಕಪ್ಪು. ಅಜೀರ್ಣ ಇರಬೇಕೆಂದು ಮನೆಮದ್ದು ಮಾಡಿದೆವು. ಒಣ ಮೇವು ಒಲ್ಲದು ಅಂತ ತೋಟದ ಹಸಿ ಹುಲ್ಲು ಕೊಯ್ದು ಹಾಕಿದೆವು, ಗಾಳಿ ಬೆಳಕು ಬರಲಿ ಎಂದು ಅಂಗಳದಲ್ಲಿ ಕಟ್ಟಿದೆವು. ಮೂರನೇ ದಿನ ಕಣ್ಣಲ್ಲಿ ನೀರು, ಮೂಗಿನ ತುದಿ ಕೆಂಪು. ಆಮೇಲೆ ಮೂಗು ಬಿರಿಯಿತು. ಬಿಳಿ ಮಚ್ಚೆ ಇದ್ದಲ್ಲೆಲ್ಲ ಚರ್ಮ ಬಾತು ಸುಲಿಯತೊಡಗಿತು. ಕಪ್ಪು ಇದ್ದಲ್ಲಿ ಏನೂ ಇಲ್ಲ, ಗೆರೆ ಹಾಕಿದ ಹಾಗೆ!

ಪಶುವೈದ್ಯರು ಬಂದವರು ಮೊದಲು ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ಅರಿಶಿನ ಹಚ್ಚಿದ ಹಾಗೆ ಹಳದಿ. ಎರಡನೆಯದಾಗಿ ಕೇಳಿದ್ದು, ‘ಕರಡ ಎಲ್ಲಿಯದು?’ ಉಳಿದ ಹೊರೆ ಬಿಚ್ಚಿ ಅಂಗಳದಲ್ಲಿ ಹರವಿದೆವು. ಸುರುಟಿದ ಕಂದು ಎಲೆ ಸಮೇತ ಲಂಟಾನದ ಟಿಸಿಲುಗಳು. ಒಂದು ಹೊರೆಯಲ್ಲಿ ಬುಟ್ಟಿ ತುಂಬುವಷ್ಟು, ಇನ್ನೊಂದರಲ್ಲಿ ಒಂದೂ ಇಲ್ಲ. ಬೇಣದ ಅಂಚು ಕೊಯ್ದವರು ಹುಲ್ಲಿನ ಜೊತೆ ಕತ್ತಿಗೆ ಸಿಕ್ಕಿದ್ದನ್ನೆಲ್ಲ ಹೊರೆ ಕಟ್ಟಿದ್ದರು.

ಹನ್ನೆರಡು ದಿನ ಚಿಕಿತ್ಸೆ ನಡೆಯಿತು. ಆಕಳು ಉಳಿಯಲಿಲ್ಲ. ಅಜ್ಜಿಯ ಗಿಡ್ಡಗಳಿಗೆ ಏನೂ ಆಗಿರಲಿಲ್ಲ. ಅವರ ಗೋದಲಿಯ ಮೂಲೆಯಲ್ಲಿ ಅದೇ ಟಿಸಿಲುಗಳ ರಾಶಿ, ಎಲೆ ಸಮೇತ ಹಾಗೇ ಬಿದ್ದಿತ್ತು. ಅಜ್ಜಿ ಅಂದದ್ದು ಇಷ್ಟೇ: ‘ತಮಾ, ನಮ್ಮ ದನ ಬಿಟ್ಟದ್ದನ್ನ ನೀನು ಮಿಷನ್‌ಗೆ ಹಾಕಿ ತಿನ್ನಿಸ್ದೆ.’

ದನದ ಅರಿವು ಎಲ್ಲಿ ಸೋಲುತ್ತದೆ?

ದನ ಗಿಡ ಆರಿಸುವುದು ಮೂಗಿನಿಂದ, ನಾಲಗೆಯಿಂದ, ಮತ್ತೆ ತಾಯಿಯ ಜೊತೆ ಮೇಯುತ್ತ ಕಲಿತ ರೂಢಿಯಿಂದ. ಕರಡದಲ್ಲಿ ಈ ಮೂರೂ ಕೈಕೊಡುತ್ತವೆ.

ಮೊದಲನೆಯದು, ವಾಸನೆ. ಲಂಟಾನಕ್ಕೆ ಮರಾಠಿಯಲ್ಲಿ ಘಾಣೇರಿ ಎಂಬ ಹೆಸರು ಬಂದದ್ದೇ ಅದರ ವಾಸನೆಯಿಂದ. ಎಲೆ ಒಣಗಿದಾಗ ಆ ಗಾಟು ಬಹುಪಾಲು ಆರಿಹೋಗುತ್ತದೆ. ಎಲೆಯೊಳಗಿನ ಲ್ಯಾಂಟಡೀನ್ ಎಂಬ ವಿಷ ಆರುವುದಿಲ್ಲ. ಹಿಮಾಚಲದ ಪಾಲಂಪುರದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ಲಂಟಾನದ ವಿಷದ ಮೇಲೆ ವರ್ಷಗಟ್ಟಲೆ ಕೆಲಸ ನಡೆದಿದೆ. ಅಲ್ಲಿ ಪ್ರಯೋಗಕ್ಕೆ ಬಳಸಿದ್ದರಲ್ಲಿ ಒಣಗಿಸಿ ಪುಡಿ ಮಾಡಿದ ಎಲೆಯೂ ಉಂಟು.

ಎರಡನೆಯದು, ತೂಕ. ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ನಾಲ್ಕು ಕಿಲೋ ಹಸಿ ಎಲೆ ಒಣಗಿದರೆ ಒಂದು ಕಿಲೋ ಆಸುಪಾಸು. ನೀರು ಹೋಯಿತು, ವಿಷ ಉಳಿಯಿತು. ಅಂದ್ರೆ ಒಂದು ಹಿಡಿ ಒಣ ಎಲೆ ನಾಲ್ಕು ಹಿಡಿ ಹಸಿ ಎಲೆಗೆ ಸಮ.

ಮೂರನೆಯದು ನಾವೇ ಮಾಡುವ ಕೆಲಸ. ಮಿಷನ್‌ಗೆ ಹಾಕಿ ಒಂದಂಗುಲದ ಚೂರು ಮಾಡಿ, ಹಿಂಡಿ, ಬೆಲ್ಲ, ಉಪ್ಪು ಬೆರೆಸಿದ ಮೇಲೆ ಯಾವ ದನಕ್ಕೂ ಆರಿಸಲು ಬರುವುದಿಲ್ಲ. ಕಟ್ಟಿಯೇ ಬೆಳೆದ ಮಿಶ್ರತಳಿಗೆ ಆರಿಸುವ ಅಭ್ಯಾಸವೇ ಇರುವುದಿಲ್ಲ. ಕತ್ತರಿಸಿ ಕೊಡುವುದು ತಪ್ಪಲ್ಲ, ಮೇವು ಉಳಿಯುತ್ತದೆ. ಆದರೆ ದನ ಮಾಡುತ್ತಿದ್ದ ಆಯ್ಕೆಯ ಕೆಲಸವನ್ನು ಮಿಷನ್‌ಗೆ ಮೊದಲು ನಾವು ಮಾಡಲೇಬೇಕು.

ಬಿಸಿಲು ಸುಡುವುದು ಯಾಕೆ?

ಹುಲ್ಲಿನ ಹಸಿರು ಬಣ್ಣ ದನದ ಮೊದಲ ಹೊಟ್ಟೆಯಲ್ಲಿ ಅರೆದು ಬೇರೊಂದು ವಸ್ತುವಾಗುತ್ತದೆ, ಅದಕ್ಕೆ ಫೈಲೊಎರಿತ್ರಿನ್ ಎನ್ನುತ್ತಾರೆ. ಆರೋಗ್ಯವಂತ ಪಿತ್ತಕೋಶ, ಯಕೃತ್ತು ಅದನ್ನು ಪಿತ್ತದ ಜೊತೆ ಹೊರಗೆ ಹಾಕುತ್ತವೆ. ಲಂಟಾನದ ವಿಷ ಯಕೃತ್ತಿಗೆ ಹೊಡೆದು ಪಿತ್ತ ಹರಿಯುವುದನ್ನು ತಡೆಯುತ್ತದೆ. ಆಗ ಆ ವಸ್ತು ರಕ್ತದಲ್ಲಿ ಸೇರಿ ಚರ್ಮಕ್ಕೆ ಬರುತ್ತದೆ. ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟಂತಾಗುತ್ತದೆ. ಬಿಳಿ ಚರ್ಮಕ್ಕೆ ಬಿಸಿಲು ತಡೆಯುವ ಬಣ್ಣ ಇಲ್ಲ, ಹಾಗಾಗಿ ಅಲ್ಲೇ ಮೊದಲು. ಎಮ್ಮೆ, ಕಪ್ಪು ದನಗಳಲ್ಲಿ ಈ ಗುರುತು ಕಾಣದೆಯೂ ಒಳಗೆ ಕಾಮಾಲೆ ಆಗಿರಬಹುದು. ಅವಕ್ಕೆ ಕಣ್ಣಿನ ರೆಪ್ಪೆ, ಒಸಡು ನೋಡಿ.

ಈಗ ನಾವು ಮಾಡಿದ್ದನ್ನು ಲೆಕ್ಕ ಹಾಕಿ. ಹಸಿ ಹುಲ್ಲು ಹಾಕಿದೆವು, ಅಂದರೆ ಆ ವಸ್ತುವನ್ನು ಇನ್ನಷ್ಟು ಕೊಟ್ಟೆವು. ಬಿಸಿಲಲ್ಲಿ ಕಟ್ಟಿದೆವು. ಪ್ರೀತಿಯಿಂದಲೇ ಮಾಡಿದ್ದು, ಎರಡೂ ತಿರುಗುಮುರುಗು.

ಇನ್ನೊಂದು ಸಂಗತಿ. ಈ ವಿಷ ಹೊಟ್ಟೆಯ ಚಲನೆಯನ್ನೇ ನಿಲ್ಲಿಸುತ್ತದೆ. ತಿಂದದ್ದು ಅಲ್ಲೇ ಕೂತು ದಿನದಿನವೂ ವಿಷ ಬಿಡುತ್ತಿರುತ್ತದೆ. ‘ಮೇವು ಬದಲಿಸಿದೆವಲ್ಲ, ಇನ್ನೂ ಯಾಕೆ ಹೆಚ್ಚಾಗ್ತಿದೆ?’ ಎಂಬ ಪ್ರಶ್ನೆಗೆ ಉತ್ತರ ಇದು. ಆದ್ದರಿಂದ ವೈದ್ಯರು ವಿಷ ಹೀರುವ ಔಷಧಿ ಇದ್ದಿಲನ್ನು ಹೊಟ್ಟೆಗೆ ಕೊಡುತ್ತಾರೆ, ಕೆಲವೊಮ್ಮೆ ಹೊಟ್ಟೆ ಕೊಯ್ದು ಮೇವು ತೆಗೆಯುತ್ತಾರೆ. ಇದು ಒಲೆಯ ಮಸಿಯಲ್ಲ. ಅದನ್ನು ಅರೆದು ಕುಡಿಸಿ ಕಾಲ ಕಳೆಯಬೇಡಿ.

ಹೊರೆಯಲ್ಲಿ ಬರುವ ಬೇರೆ ಗಿಡಗಳು

ಗಿಜಿಗಿಜಿ ಗಿಡ: ಹಳದಿ ಹೂ, ಒಣಗಿದ ಕಾಯಿ ಅಲುಗಿಸಿದರೆ ಗೆಜ್ಜೆಯ ಸದ್ದು. ಮರಳು ಮಣ್ಣಿನಲ್ಲಿ, ಬೇಣದಲ್ಲಿ, ರಸ್ತೆ ಬದಿಯಲ್ಲಿ ಬೇಕಾದಷ್ಟು. ಗೊಬ್ಬರಕ್ಕೆ ಬಿತ್ತುವ ಸೆಣಬಿನ ಕುಟುಂಬದ್ದೇ. ಇದರ ಹಲವು ಜಾತಿಗಳ ಎಲೆ, ಬೀಜದಲ್ಲಿ ಯಕೃತ್ತನ್ನು ನಿಧಾನವಾಗಿ ಗಟ್ಟಿ ಮಾಡುವ ವಿಷ ಇದೆ. ತಿಂದ ದಿನ ಏನೂ ಆಗುವುದಿಲ್ಲ. ವಾರ, ತಿಂಗಳುಗಟ್ಟಲೆ ಆದಮೇಲೆ ದನ ಸೊರಗಿ, ಹೊಟ್ಟೆಯಲ್ಲಿ ನೀರು ತುಂಬಿ ಹೋಗುತ್ತದೆ. ಆಗ ಯಾರಿಗೂ ಕರಡದ ನೆನಪಿರುವುದಿಲ್ಲ. 1970ರ ದಶಕದ ಮಧ್ಯದಲ್ಲಿ ಆಗ ಮಧ್ಯಪ್ರದೇಶದಲ್ಲಿದ್ದ, ಈಗ ಛತ್ತೀಸ್‌ಗಢಕ್ಕೆ ಸೇರಿದ ಸರ್ಗುಜಾ ಜಿಲ್ಲೆಯಲ್ಲಿ ಇದೇ ಜಾತಿಯ ಗಿಡದ ಬೀಜ ಸಾಮೆಯಲ್ಲಿ ಬೆರೆತು, ಅದನ್ನು ಉಂಡ ಜನರೇ ಹೊಟ್ಟೆ ಊದಿ ಸತ್ತರು. ಗದ್ದೆಯಲ್ಲಿ ಕಳೆ, ಕೊಯ್ಲಿನಲ್ಲಿ ಬೆರಕೆ, ತಟ್ಟೆಯಲ್ಲಿ ವಿಷ. ದಾರಿ ಒಂದೇ.

ನಾಯಿ ತುಳಸಿ: ನೇರಳೆ ಅಥವಾ ಬಿಳಿ ಬಣ್ಣದ ಗೊಂಡೆ ಹೂ, ಮೊಣಕಾಲೆತ್ತರ. ಅಜೆರೇಟಂ ಎನ್ನುತ್ತಾರೆ. ತೋಟದಲ್ಲಿ, ಗದ್ದೆ ಹಾಳಿಯಲ್ಲಿ ಇಲ್ಲದ ಜಾಗವಿಲ್ಲ. ಇದರಲ್ಲಿಯೂ ಗಿಜಿಗಿಜಿಯ ಗುಂಪಿನದೇ ವಿಷ. ಇಥಿಯೋಪಿಯದ ಟೀಗ್ರೆ ಪ್ರಾಂತದಲ್ಲಿ 2000ದ ನಂತರದ ವರ್ಷಗಳಲ್ಲಿ ಕಂಡ ಯಕೃತ್ತಿನ ಕಾಯಿಲೆಗೆ ಧಾನ್ಯದಲ್ಲಿ ಬೆರೆತ ಈ ಗಿಡವೇ ಕಾರಣವೆಂದು ಗುರುತಿಸಿದ್ದಾರೆ. ಒಂದೆರಡು ಕಡ್ಡಿಗೆ ಹೆದರಬೇಕಾಗಿಲ್ಲ. ಕಳೆ ಕೊಯ್ದ ರಾಶಿಯನ್ನೇ ಒಣಗಿಸಿ ಬೇಸಿಗೆಗೆ ಮೇವು ಮಾಡುವ ಅಭ್ಯಾಸ ಬೇಡ.

ಗೌರಿ ಹೂ: ಅಗ್ನಿಶಿಖೆ ಎಂದೂ ಹೆಸರು. ಚೌತಿ ಹೊತ್ತಿಗೆ ಕೆಂಪು-ಹಳದಿ ಜ್ವಾಲೆಯ ಹಾಗೆ ಅರಳುತ್ತದೆ. ಫಲಾವಳಿಗೆ ಕಟ್ಟಲು ತರುವವರೂ ಇದ್ದಾರೆ. ಗಡ್ಡೆಯಲ್ಲಿ ಹೆಚ್ಚು, ಆದರೆ ಇಡೀ ಗಿಡದಲ್ಲೂ ಕೊಲ್ಚಿಸಿನ್ ಎಂಬ ಕಡು ವಿಷ. ಒಣಗಿದರೂ ಕಡಿಮೆಯಾಗದು. ಹಬ್ಬ ಮುಗಿದ ಮೇಲೆ ಫಲಾವಳಿ ಬಿಚ್ಚಿ ದನದ ಮುಂದೆ ಸುರಿಯುವಾಗ ಇದನ್ನು ಆರಿಸಿ ತೆಗೆಯಿರಿ. ತಿಂದ ದನಕ್ಕೆ ತಡೆಯದ ಭೇದಿ.

ಗುಲಗಂಜಿ: ಬೇಣದ ಪೊದೆಗೆ ಹಬ್ಬುವ ಬಳ್ಳಿ. ಕರಡ ಕೊಯ್ಯುವ ಹೊತ್ತಿಗೆ ಕೋಡು ಒಡೆದು ಕೆಂಪು-ಕಪ್ಪು ಬೀಜ ಕಾಣುತ್ತದೆ. ಇಡಿಯಾಗಿ ನುಂಗಿದ ಬೀಜ ಗಟ್ಟಿ ಸಿಪ್ಪೆಯ ದೆಸೆಯಿಂದ ಹಾಗೇ ಹೊರಬೀಳಬಹುದು. ಜಗಿದದ್ದು ಅಥವಾ ಮಿಷನ್‌ನಲ್ಲಿ ಒಡೆದದ್ದು ಕೊಲ್ಲುತ್ತದೆ. ಇಲ್ಲಿಯೂ ಮಿಷನ್ ನಮಗೆ ವೈರಿ.

ಕಣಗಿಲೆ: ಇದು ಬೇಣದ್ದಲ್ಲ, ಹಿತ್ತಲಿನದು. ಬೇಲಿ ಸವರಿದ ಟಿಸಿಲನ್ನು ಕುತ್ರಿಯ ಪಕ್ಕ ಎಸೆಯುತ್ತೇವೆ, ಒಣ ಎಲೆ ಹುಲ್ಲಿಗೆ ಸೇರುತ್ತದೆ. ಹಸಿ ಎಲೆಯ ಕಹಿಗೆ ದನ ಉಗುಳುತ್ತದೆ, ಮೇವಿನಲ್ಲಿ ಬೆರೆತ ಒಣ ಎಲೆ ಒಳಗೆ ಹೋಗುತ್ತದೆ. ದೊಡ್ಡ ಆಕಳಿಗೂ ಒಂದು ಹಿಡಿ ಒಣ ಎಲೆ ಸಾಕು, ಹೃದಯವೇ ನಿಲ್ಲುತ್ತದೆ. ಹಳದಿ ಕಣಗಿಲೆಯದೂ ಇದೇ ಕತೆ. ಸವರಿದ್ದನ್ನು ಅಂದೇ ಸುಟ್ಟುಬಿಡಿ ಅಥವಾ ಹೂಳಿ. ಸುಡುವಾಗ ಹೊಗೆಗೆ ಮುಖ ಕೊಡಬೇಡಿ.

ಜರಿಗಿಡ: ಎತ್ತರದ ಗುಡ್ಡ ಪ್ರದೇಶದಿಂದ ಕರಡ ತರಿಸುವವರು ನೋಡಬೇಕಾದದ್ದು. ನೀಲಗಿರಿ, ಹಿಮಾಲಯದ ಕಡೆ ದನ ವರ್ಷಗಟ್ಟಲೆ ರಕ್ತಮೂತ್ರದಿಂದ ನರಳುವ ರೋಗಕ್ಕೂ ಒಂದು ಜಾತಿಯ ಜರಿಗಿಡಕ್ಕೂ ನಂಟಿದೆ. ಒಣಗಿದ ಜರಿಯೂ ಸುರಕ್ಷಿತ ಅಲ್ಲ.

ಒಣಗಿದರೆ ಹೋಗುವ ವಿಷವೂ ಇದೆ

‘ಒಣಗಿಸಿದರೆ ವಿಷ ಹೋಗುತ್ತದೆ’ ಎಂಬ ಮಾತು ಹುಟ್ಟಿದ್ದು ಎಲ್ಲಿಂದ? ಬಯಲುಸೀಮೆಯ ಜೋಳದಿಂದ ಇರಬೇಕು. ಎಳೆಯ ಜೋಳ, ಬರದಲ್ಲಿ ಬಾಡಿದ ಜೋಳ, ಕೊಯ್ದ ಕೂಳೆಯ ಚಿಗುರು ಇವುಗಳಲ್ಲಿ ಸಯನೈಡ್ ವಿಷ ಹುಟ್ಟುತ್ತದೆ. ಮರಗೆಣಸಿನ ಎಲೆಯಲ್ಲೂ ಅದೇ. ಅದು ಆವಿಯಾಗಿ ಹೋಗುವ ವಿಷ. ಕೊಯ್ದು ಚೆನ್ನಾಗಿ ಒಣಗಿಸಿದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಅಲ್ಲಿನ ರೈತರ ಅನುಭವ ಅಲ್ಲಿಗೆ ಸರಿ. ಅದನ್ನೇ ಲಂಟಾನಕ್ಕೆ, ಗಿಜಿಗಿಜಿಗೆ ಹೊಂದಿಸಿದರೆ ಮೋಸ.

ಗೊಬ್ಬರ ಗುಂಡಿಯ ಪಕ್ಕ ಸೊಕ್ಕಿ ಬೆಳೆದ ಮುಳ್ಳು ಹರಿವೆಯಲ್ಲಿ ಸೇರುವ ನೈಟ್ರೇಟ್ ಕೂಡ ಒಣಗಿದರೆ ಹೋಗದು. ವ್ಯತ್ಯಾಸ ರಕ್ತದಲ್ಲಿ ಕಾಣುತ್ತದೆ. ಸಯನೈಡ್ ಆದರೆ ಕಡು ಕೆಂಪು, ನೈಟ್ರೇಟ್ ಆದರೆ ಕಾಫಿ ಬಣ್ಣ. ಎರಡೂ ಗಂಟೆಗಳ ಲೆಕ್ಕದಲ್ಲಿ ಕೊಲ್ಲುವಂಥವು, ಮದ್ದು ಬೇರೆ ಬೇರೆ. ಹಾಗಾಗಿ ಫೋನಿನಲ್ಲಿ ವೈದ್ಯರಿಗೆ ತಿಂದದ್ದು ಏನೆಂದು ಮೊದಲು ಹೇಳಿ.

ಬ್ರಿಟನ್ನಿನಲ್ಲಿ ರಾಗ್‌ವರ್ಟ್ ಎಂಬ ಹಳದಿ ಹೂವಿನ ಕಳೆಗೆ 1959ರ ಕಳೆ ಕಾಯ್ದೆಯಲ್ಲೇ ಹೆಸರಿದೆ, 2003ರಲ್ಲಿ ಅದಕ್ಕೆಂದೇ ಇನ್ನೊಂದು ಕಾಯ್ದೆ ಬಂತು. ಅದರದ್ದೂ ಗಿಜಿಗಿಜಿಯ ಗುಂಪಿನದೇ ವಿಷ. ಹೊಲದಲ್ಲಿ ನಿಂತ ಗಿಡವನ್ನು ಕುದುರೆ, ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಲ್ಲಿನ ರೈತರು ಹೆಚ್ಚು ಹೆದರುವುದು ಒಣಹುಲ್ಲಿನಲ್ಲಿ ಸೇರಿದ ಗಿಡಕ್ಕೆ. ನಮ್ಮ ಗಿಡ ಬೇರೆ, ಪಾಠ ಅದೇ.

ನಾವು ಈಗ ಮಾಡುತ್ತಿರುವುದು

ಬೇಣಕ್ಕೆ ಕತ್ತಿ ಹಾಕುವುದು ದೀಪಾವಳಿಯ ಆಮೇಲೆ. ಆದರೆ ಬೇಣ ಸುತ್ತುವುದು ಸೆಪ್ಟೆಂಬರ್‌ನಲ್ಲೇ. ಗಿಜಿಗಿಜಿ, ಗೌರಿ ಹೂ ಎರಡೂ ಹೂ ಬಿಟ್ಟು ತಾವಾಗಿಯೇ ಕಾಣಿಸಿಕೊಳ್ಳುವ ಕಾಲ. ಮಣ್ಣು ಮೆತ್ತಗಿರುತ್ತದೆ, ಕಿತ್ತರೆ ಬೇರು ಸಮೇತ ಬರುತ್ತದೆ. ಕರಡ ಹಳದಿಯಾದ ಮೇಲೆ ಎಲ್ಲ ಒಂದೇ ಬಣ್ಣ, ಆಗ ಹುಡುಕಿ ಪ್ರಯೋಜನ ಇಲ್ಲ.

ಕೊಯ್ಯುವಾಗ ಪೊದೆಯ ಅಂಚಿನಲ್ಲಿ ಎರಡು ಮಾರು ಬಿಟ್ಟುಬಿಡುತ್ತೇವೆ. ನಾಲ್ಕು ಹೊರೆ ಕಡಿಮೆಯಾದೀತು, ಆಗಲಿ. ಹೊರೆಯ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಕೊಯ್ಯುವವರು ಅಂಚನ್ನೂ ಬಿಡುವುದಿಲ್ಲ, ಅದು ಅವರ ತಪ್ಪೂ ಅಲ್ಲ. ದಿನದ ಕೂಲಿಯೇ ಒಳ್ಳೆಯದು.

ಕೊಯ್ದ ಕರಡವನ್ನು ಹರವಿ, ಮಗುಚುವಾಗ ಕಡ್ಡಿ ಕಂಡದ್ದನ್ನು ಆರಿಸುತ್ತೇವೆ. ಹುಲ್ಲಿನ ನಡುವೆ ಮರದಂಥ ಗಟ್ಟಿ ಕಡ್ಡಿ ಕೈಗೆ ಸಿಕ್ಕರೆ ಅದು ಹುಲ್ಲಲ್ಲ. ಹೆಸರು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ, ತೆಗೆದು ಬಿಸಾಡಿ.

ಕೊಂಡು ತರುವ ಕರಡವಾದರೆ ಎಲ್ಲಿಯದು, ಯಾರು ಕೊಯ್ದರು ಕೇಳುತ್ತೇನೆ. ನಾಲ್ಕಾರು ಹೊರೆ ಬಿಚ್ಚಿ ನೋಡಿಯೇ ಹಣ ಕೊಡುತ್ತೇನೆ. ಒಂದು ಹೊರೆ ಚೆನ್ನಾಗಿದ್ದರೆ ಎಲ್ಲವೂ ಚೆನ್ನಾಗಿದೆ ಅಂತ ಅಲ್ಲ, ನಮ್ಮಲ್ಲಿ ಆದದ್ದು ಅದೇ.

ಹೊಸ ಕರಡ ಬಂದ ಮೊದಲ ವಾರ ಮಿಷನ್‌ಗೆ ರಜೆ. ಇಡೀ ಕರಡವನ್ನೇ, ಹಳೆಯ ಹುಲ್ಲಿನ ಜೊತೆ ಸ್ವಲ್ಪ ಸ್ವಲ್ಪ ಹಾಕಿ, ಬೆಳಿಗ್ಗೆ ಗೋದಲಿಯಲ್ಲಿ ಉಳಿದದ್ದನ್ನು ನೋಡುವುದು. ಸಗಣಿ ಬಾಚುವ ಮೊದಲು ಎರಡು ನಿಮಿಷದ ಕೆಲಸ. ಅಜ್ಜಿಯ ಗಿಡ್ಡಗಳು ಎರಡು ತಿಂಗಳು ದಿನಾ ಅದನ್ನೇ ಹೇಳುತ್ತಿದ್ದವು, ನೋಡುವವರು ಇರಲಿಲ್ಲ. ಹಸಿದ ದನಕ್ಕೆ ಹೊಸ ಮೇವು ಹಾಕಬೇಡಿ, ಹಸಿದದ್ದು ಆರಿಸದು.

ನೆರೆ ಕಂಡ ಊರಿನವರಿಗೆ ಒಂದು ಮಾತು. 2021ರ ಜುಲೈನಲ್ಲಿ ಮತ್ತೆ ನೀರು ಬಂದಾಗ ನೆನೆದ ಕುತ್ರಿಯನ್ನೇ ಒಣಗಿಸಿ ಹಾಕಿದವರಿದ್ದಾರೆ. ಕಪ್ಪಾಗಿ ಬೂಸ್ಟು ಹಿಡಿದ ಹುಲ್ಲಿನ ವಿಷವೂ ಒಣಗಿದರೆ ಹೋಗದು. ಭತ್ತದ ಸೀಮೆಗಳಲ್ಲಿ ಅಂಥ ಹುಲ್ಲು ತಿಂದ ಎಮ್ಮೆಗಳ ಬಾಲ, ಕಿವಿಯ ತುದಿ, ಗೊರಸು ಕೊಳೆತು ಉದುರುವ ರೋಗ ಕಂಡಿದ್ದಾರೆ. ಬೂಸ್ಟು ಹುಲ್ಲು ಗೊಬ್ಬರ ಗುಂಡಿಗೆ.

ಸಂಶಯ ಬಂದರೆ

ಮೇವು ಬಿಟ್ಟು ಸಗಣಿ ಗಟ್ಟಿಯಾದರೆ, ಕಣ್ಣು ಹಳದಿಯಾದರೆ, ಮೂಗು ಕೆಂಪಾದರೆ ಆ ಕರಡವನ್ನು ಕೂಡಲೇ ನಿಲ್ಲಿಸಿ. ದನವನ್ನು ನೆರಳಿಗೆ, ಸಾಧ್ಯವಾದರೆ ಕತ್ತಲೆಯ ಕೊಟ್ಟಿಗೆಗೆ ಸೇರಿಸಿ. ವೈದ್ಯರು ಬರುವ ತನಕ ಹಸಿ ಹುಲ್ಲು ಬೇಡ. ಕುಡಿಯಲು ನೀರು ಇಡಿ. ಗೊಟ್ಟದಲ್ಲಿ ಎಣ್ಣೆ, ಕಷಾಯ ಸುರಿಯುವ ಅವಸರ ಬೇಡ. ಸೋತ ದನದ ಗಂಟಲಲ್ಲಿ ಅದು ಶ್ವಾಸಕೋಶಕ್ಕೆ ಇಳಿದು ಇನ್ನೊಂದು ರೋಗ ತರುತ್ತದೆ. ಹತ್ತಿರದ ಪಶು ಆಸ್ಪತ್ರೆಗೆ ಹೇಳಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಿ.

ಆ ಕರಡದ ಒಂದು ಹಿಡಿಯನ್ನು, ಆರಿಸಿದ ಕಡ್ಡಿ-ಎಲೆ ಸಮೇತ, ಕಾಗದದಲ್ಲಿ ಸುತ್ತಿ ಇಡಿ. ಉಳಿದದ್ದನ್ನು ಗಾಬರಿಯಲ್ಲಿ ಸುಟ್ಟುಬಿಟ್ಟರೆ ಏನಾಯಿತೆಂದು ತಿಳಿಯಲು ದಾರಿಯೇ ಇರುವುದಿಲ್ಲ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನಲ್ಲಿ ವಿಷಶಾಸ್ತ್ರ ವಿಭಾಗ ಇದೆ, ಮಲೆನಾಡಿನ ವಿಷಸಸ್ಯಗಳ ಮೇಲೆ ಅಲ್ಲಿ ಕೆಲಸ ನಡೆದಿದೆ. ಗಿಡ ಗುರುತಾಗದಿದ್ದರೆ ನಿಮ್ಮ ವೈದ್ಯರ ಮೂಲಕ ಅಲ್ಲಿಗೆ ಕೇಳಬಹುದು.

ಈಗ ನಮ್ಮ ಕೊಟ್ಟಿಗೆಯಲ್ಲಿ ಅಜ್ಜಿಯ ಕಡೆಯಿಂದ ತಂದ ಒಂದು ಗಿಡ್ಡ ಕಡಸು, ಒಂದು ಮಿಶ್ರತಳಿ ಆಕಳು ಇವೆ. ಹೊಸ ಕರಡ ಬಂದಾಗ ಮೊದಲು ಗಿಡ್ಡಕ್ಕೆ ಸ್ವಲ್ಪ ಹಾಕಿ, ಅದು ಏನು ಬಿಡುತ್ತದೆ ನೋಡಿಕೊಂಡು, ಅದನ್ನು ಆರಿಸಿದ ಮೇಲೆಯೇ ಮಿಷನ್ ಚಾಲೂ ಮಾಡುತ್ತೇವೆ. ನಿಮ್ಮ ಊರಿನ ಬೇಣದಲ್ಲಿ ದನ ಬಿಡುವ ಬೇರೆ ಗಿಡಗಳಿದ್ದರೆ ಅವುಗಳ ಊರ ಹೆಸರು, ಹೂವಿನ ಬಣ್ಣ, ಹೂ ಬಿಡುವ ತಿಂಗಳು ಬರೆದು ಪತ್ರಿಕೆಗೆ ಕಳಿಸಿ. ಮುಂದಿನ ಕರಡದ ಕೊಯ್ಲಿನೊಳಗೆ ಎಲ್ಲರಿಗೂ ಉಪಯೋಗವಾದೀತು.